ಕಣ್ಣು ಮುಚ್ಚಿ ಓದಿದ ಸಾಲು

ಮಗಳ ಕನ್ನಡಕದ ನಂಬರು ಏರಿದ್ದಕ್ಕೆ ನನಗೆ ಸಿಟ್ಟಿಲ್ಲ. ಬೆಳೆಯುವ ಮಕ್ಕಳಿಗೆ ಏರಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ನನಗೆ ಸಿಟ್ಟಿರುವುದು ಆ ಐದು ತಿಂಗಳ ಮೇಲೆ. ಮೂರನೇ ತರಗತಿಯ ಐದು ತಿಂಗಳು ಅವಳಿಗೆ ಬೋರ್ಡು ಕಾಣಿಸಲೇ ಇಲ್ಲ. ಮನೆಯಲ್ಲಿ ನಾವು ಕಣ್ಣು ಗುಣವಾಗುತ್ತಿದೆ ಅಂದುಕೊಂಡಿದ್ದೆವು.

ಚಿತ್ರದುರ್ಗದಿಂದ ಕನ್ನಡಕ ತಂದ ದಿನ ಹೊಳಲ್ಕೆರೆಯ ಮನೆಯಲ್ಲಿ ಅತ್ತೆ ಅದನ್ನು ಕೈಯಲ್ಲಿ ಹಿಡಿದು ನೋಡಿದರು. "ಹೆಣ್ಣುಡುಗಿ. ಈಗ್ಲೇ ಸೋಡಾಬುಡ್ಡಿ ಏರಿಸಿದ್ರೆ ಹೆಂಗವ್ವ? ಯೋಗದ ಮೇಷ್ಟ್ರು ನಂಬರು ಇಳಿಸ್ತಾರಂತೆ, ಕಳ್ಸು."

ಮೇಷ್ಟ್ರು ಸಮುದಾಯ ಭವನದಲ್ಲಿ ಬೆಳಿಗ್ಗೆ ಮಕ್ಕಳಿಗೆ ಹೇಳಿಕೊಡುತ್ತಿದ್ದರು: ಕಣ್ಣು ಆಡಿಸುವುದು, ದೀಪ ನೋಡುವುದು, ಅಂಗೈ ಉಜ್ಜಿ ಬಿಸಿ ಮಾಡಿ ಕಣ್ಣಿಗೆ ಮುಚ್ಚುವುದು. ತಿಂಗಳಿಗೊಮ್ಮೆ ಗೋಡೆಯ ಮೇಲಿನ ಅಕ್ಷರಗಳ ಚಾರ್ಟ್ ಓದಿಸುತ್ತಿದ್ದರು. ಕನ್ನಡಕ ಊರುಗೋಲಿದ್ದಂತೆ, ಬಿಡಿಸ್ರಿ ಎಂದರು. ಹಾಗೆಂದು ನನ್ನ ನೆನಪು. ಮೊದಲ ತಿಂಗಳು ಎರಡು ಸಾಲು ಓದಿದವಳು ಐದನೇ ತಿಂಗಳಿಗೆ ಕೊನೆಯ ಸಾಲು ಮುಟ್ಟಿದಳು. ಅತ್ತೆ ಪಾಯಸ ಮಾಡಿದರು. ಕನ್ನಡಕ ಬೀರುವಿನಲ್ಲಿತ್ತು.

ಒಂದು ಬೆಳಿಗ್ಗೆ ಅವಳು ಜಗಲಿಯಲ್ಲಿ ಕುಳಿತು, ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು, ಏನೋ ಗುನುಗುತ್ತಿದ್ದಳು. "ಗ, ಟ, ರ, ಪ, ಲ..."

"ಏನೇ ಅದು?"

"ಕೊನೇ ಸಾಲಮ್ಮ."

"ಕಣ್ಣು ಮುಚ್ಕಂಡು ಓದ್ತೀಯಾ?"

"ಬಿಟ್ರೂ ಕಾಣಲ್ವಲ್ಲ. ಹತ್ರ ಹೋಗಿ ಬಾಯಿಪಾಠ ಮಾಡ್ಕಂಡಿದ್ದೆ. ಓದಿದ್ರೆ ಅಜ್ಜಿಗೆ ಖುಷಿ ಆಗುತ್ತೆ."

"ಶಾಲೇಲಿ?"

"ಪಕ್ಕದೋಳ ಬುಕ್ ನೋಡಿ ಬರೀತೀನಿ."

ಒಲೆ ಆರಿಸಿ ಸೀದಾ ಸಮುದಾಯ ಭವನಕ್ಕೆ ಹೋದೆ. ಮಕ್ಕಳೆದುರೇ ಕೂಗಾಡಿದೆ.

"ಕನ್ನಡಕ ಬಿಡಿಸ್ರಿ ಅಂತ ನಾನಂದಿಲ್ಲ ಮೇಡಂ," ಎಂದರು ಮೇಷ್ಟ್ರು. "ಅಭ್ಯಾಸದ ಹೊತ್ತು ತೆಗೀರಿ ಅಂದೆ."

"ಐದು ತಿಂಗಳು ಒಂದೇ ಚಾರ್ಟ್ ಓದಿಸಿದ್ರಲ್ಲ."

"ಇರೋದೇ ಒಂದು ಐತೆ. ಇನ್ನೊಂದು ಎಲ್ಲಿಂದ ತರಾಣ?"

ಅವರು ಸುಳ್ಳು ಹೇಳುತ್ತಿದ್ದಾರೆಂದು ಸಾಬೀತು ಮಾಡಲು ಮನೆಗೆ ಬಂದು ನನ್ನ ಡೈರಿ ತೆರೆದೆ. ಅದರಲ್ಲಿ ಊರುಗೋಲಿನ ಮಾತೇ ಇರಲಿಲ್ಲ. ಆ ಮಾತು ಅತ್ತೆಯದಿರಬಹುದು, ನನ್ನದೂ ಇರಬಹುದು. ಕನ್ನಡಕಕ್ಕೆಂದು ಮೊದಲು ಆಸ್ಪತ್ರೆಗೆ ಹೋದ ದಿನದ ಪುಟದಲ್ಲಿ, ಡಾಕ್ಟರ ಮಾತೆಂದು ಒಂದೇ ಸಾಲು: 'ಯೋಗ ಮಾಡಿಸಬಹುದು ಎಂದರು.'

ಮರುದಿನ ಚಿತ್ರದುರ್ಗದಲ್ಲಿ ಡಾಕ್ಟರಮ್ಮ ಬೇರೆ ಚಾರ್ಟ್ ಹಾಕಿದರು. ಮಗಳು ಎರಡನೇ ಸಾಲಿಗೇ ನಿಂತು ನನ್ನ ಕಡೆ ತಿರುಗಿದಳು. "ಅವತ್ತೇ ಹೇಳಿದ್ದೆನಲ್ಲ," ಎಂದರು ಅವರು. "ಕನ್ನಡಕದ ಜೊತೆಗೆ ಯೋಗ ಮಾಡಿಸ್ರಿ, ದಿನಾ ಬಯಲಲ್ಲಿ ಆಡ್ಲಿ ಅಂತ. ಬದಲಿಗೆ ಅಂದಿರಲಿಲ್ಲ."

ಜೊತೆಗೆ. ಎಂ.ಎ. ಓದಿದ ನಾನು ಆ ಪದವನ್ನು ಕೇಳಿಸಿಕೊಳ್ಳಲಿಲ್ಲವೋ, ಕೇಳಿಯೂ ಬರೆಯಲಿಲ್ಲವೋ ಗೊತ್ತಿಲ್ಲ. ಕೇಳಿಯೂ ಬರೆಯದಿದ್ದರೆ ಬೇಕೆಂದೇ ಬರೆದಿಲ್ಲ. ಸೋಡಾಬುಡ್ಡಿ ನನಗೂ ಬೇಡವಾಗಿತ್ತು. ಮೇಷ್ಟ್ರ ಮೇಲಿನ ಸಿಟ್ಟು ಇದರಿಂದ ಕಡಿಮೆಯೇನೂ ಆಗಿಲ್ಲ.

ಯೋಗ ಬಿಡಿಸಿಲ್ಲ. ಅವಳಿಗೆ ಅದು ಇಷ್ಟ, ಓದಿ ದಣಿದ ಕಣ್ಣಿಗೆ ಹಿತ ಅನ್ನುತ್ತಾಳೆ. ಹೊಸ ಕನ್ನಡಕ ಹಾಕಿಕೊಂಡೇ ಹೋಗುತ್ತಾಳೆ.

ನಿನ್ನೆ ನೆಂಟರು ಬಂದಾಗ ಅತ್ತೆ, "ಫೋಟೋಕ್ಕಾದ್ರೂ ತೆಗಿಯವ್ವ," ಎಂದರು. ಅವಳು ಕನ್ನಡಕದ ಕಡ್ಡಿಗೆ ಕೈ ಹಾಕಿ, ಅಜ್ಜಿಯ ಮುಖ ನೋಡಿ, ನನ್ನ ಮುಖ ನೋಡಿ, ಯಾರಿಗೆ ಏನು ಬೇಕೆಂದು ಹುಡುಕುತ್ತ ನಿಂತಳು.

"ನಿಂಗೆ ಹೆಂಗೆ ಬೇಕು?" ಎಂದೆ. ದನಿ ಗದರಿದಂತೆಯೇ ಬಂತು. ಅವಳು ಕಡ್ಡಿಯಿಂದ ಕೈ ತೆಗೆಯದೆ ಮತ್ತೆ ಅಜ್ಜಿಯ ಕಡೆ ನೋಡಿದಳು.