ಪ್ಲಗ್ಗಿನ ಸಂದಿಯ ಕಡ್ಡಿ

ಭೇರ್ಯದ ಕಂಪ್ಯೂಟರ್ ರಿಪೇರಿಯವರು ಬಂದ ಕೂಡಲೇ ಸ್ಕ್ರೂಡ್ರೈವರ್ ತೆಗೆಯುತ್ತಿರಲಿಲ್ಲ. ಕಿವಿಯ ಹಿಂದೆ ಅಂಗೈ ಇಟ್ಟು, "ವಸಿ ಸುಮ್ಕಿರಿ, ಕೇಳಾಣ" ಎನ್ನುತ್ತಿದ್ದರು.

ಮಿರ್ಲೆಯ ನಮ್ಮ ಹಳೇ ಮನೆಯಲ್ಲಿ ಅಕ್ಕ ಲಗ್ನಪತ್ರಿಕೆ ಮಾಡಿ ದುಡಿಯುತ್ತಿದ್ದ ಕಂಪ್ಯೂಟರಿನ ಪವರ್ ಸಪ್ಲೈ ಗುಂಯ್‌ಗುಡುತ್ತಿತ್ತು, ಆಗಾಗ ಆರಿಹೋಗುತ್ತಿತ್ತು. ಅವರ ಅಂಗಡಿಗೆ ಒಯ್ದರೆ ಸದ್ದೇ ಇಲ್ಲ. ಹಾಗಾಗಿ ಅವರೇ ಮನೆಗೆ ಬಂದರು. ಕಂಪ್ಯೂಟರ್ ಬಿಟ್ಟು ಗೋಡೆಯ ಮರದ ಸ್ವಿಚ್ ಬೋರ್ಡಿನತ್ತ ಕಿವಿಗೊಟ್ಟರು. ಮೇನ್ ಆಫ್ ಮಾಡಿ ಪ್ಲಗ್ ಕಿತ್ತಾಗ ಅರ್ಧ ಸುಟ್ಟ ಬೆಂಕಿಕಡ್ಡಿಯೊಂದು ಜೊತೆಗೆ ಬಂತು.

"ಯಾರು ಸಿಗ್ಸಿದ್ದು?"

"ನಾನೇ ಕಣಪ್ಪ. ಪ್ಲಗ್ಗು ಸಡ್ಲ ಆಗಿ ಬೀಳ್ತಿತ್ತು," ಎಂದಳು ಅವ್ವ.

ಅವರು ಬೈಯಲಿಲ್ಲ. ಕಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹೊಸ ಸಾಕೆಟ್ ಹಾಕಿದ ಮೇಲೆ ಕಂಪ್ಯೂಟರ್ ಸದ್ದಿಲ್ಲದೆ ಓಡಿತು. ಅಕ್ಕ ಕಾಫಿ ತರುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿದ್ದರು.

"ಕಾಪಿ ಇನ್ನೊಂದ್ಸಲ ಕಣಕ್ಕ. ನಮ್ಮನೆ ಟಿವಿ ಪ್ಲಗ್ಗಿಗೂ ನಾನು ಇಂಥದೇ ಕಡ್ಡಿ ಸಿಗ್ಸಿವ್ನಿ."