ಅತ್ತೆಯ ಕಣ್ಣು ನನ್ನ ತಾಟಿನ ಮೇಲೆ

ಹೋದ ವರ್ಷ ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಮೆಣಸಗಿಯಲ್ಲಿ ನನ್ನ ತಂಗಿ ಸುಮಾಳ ಕುಬಸ ಇತ್ತು. ಏಳನೇ ತಿಂಗಳ ಸೀಮಂತ. ನಮ್ಮ ಅವ್ವ ತೀರಿಕೊಂಡಿದ್ದರಿಂದ, ಹಸಿರು ಸೀರೆ ಉಡಿಸಿ ಉಡಿ ತುಂಬಬೇಕಾದವಳು ಅಕ್ಕನಾದ ನಾನೇ. ಗಜೇಂದ್ರಗಡದ ನಮ್ಮ ಮನೆಯ ಮಗ್ಗದಲ್ಲಿ ಆ ಸೀರೆಯನ್ನು ನಾನೇ ಕೂತು ನೇಯ್ದಿದ್ದೆ.

ಇದ್ದದ್ದು ಒಂದೇ ಹೆದರಿಕೆ, ಮುಟ್ಟು. ನನಗೆ ತಿಂಗಳು ತಿಂಗಳು ಸರಿಯಾದ ದಿನಕ್ಕೆ ಆಗುವುದಿಲ್ಲ. ಆದರೆ ಆಗುವ ಮುಂಚೆ ನಾಲ್ಕೈದು ದಿನ ವಿಪರೀತ ಹಸಿವು. ಉಂಡು ಕೈ ತೊಳೆದು ಮಗ್ಗಕ್ಕೆ ಕೂತರೆ ತಾಸಿನೊಳಗೆ ಹೊಟ್ಟೆ ಮತ್ತೆ ಚುರುಗುಟ್ಟುತ್ತದೆ. ಇದು ಅತ್ತೆಗೆ ಚೆನ್ನಾಗಿ ಗೊತ್ತು. ಅವರು ಕ್ಯಾಲೆಂಡರ್ ನೋಡುವ ಗೋಜಿಗೇ ಹೋಗುವುದಿಲ್ಲ, ನನ್ನ ತಾಟು ನೋಡುತ್ತಾರೆ! ದಿನಾ ಎರಡು ರೊಟ್ಟಿ ತಿನ್ನುವವಳು ನಾಲ್ಕನೆಯದಕ್ಕೆ ಕೈ ಹಾಕಿದೆನೋ, ಗಂಡ, ಮಾವ ಎಲ್ಲರ ಎದುರಿಗೇ, "ಬಂತ ನೋಡು ಇಕಿದು" ಎಂದುಬಿಡುತ್ತಾರೆ. ಹೀಗಾದರೆ ಉಂಡದ್ದು ಮೈಗೆ ಹತ್ತೀತೇ?

ಕುಬಸಕ್ಕೆ ಮೂರು ದಿನ ಇದ್ದಾಗ ನಾಲ್ಕನೇ ರೊಟ್ಟಿ ಮುರಿದೆ. ಅಷ್ಟೇ ಸಾಕಾಯಿತು.

"ನೀ ಬರೂದು ಬ್ಯಾಡ" ಎಂದರು ಅತ್ತೆ. "ಅಲ್ಲೇ ಹೊರಗಾದ್ರ ಬೀಗರ ಮುಂದ ಮಾರಿ ಹ್ಯಾಂಗ ತೋರಸೂದು? ಸೀರಿ ನಾನಾ ಒಯ್ತೀನಿ."

"ಇಲ್ರಿ, ಮುಂಜಾನಿ ನಾಷ್ಟಾ ಮಾಡಿದ್ದಿಲ್ಲ, ಅದಕ್ಕ" ಎಂದು ಸುಳ್ಳು ಹೇಳಿದೆ.

ಆ ಸುಳ್ಳನ್ನು ಸಾಕಬೇಕಲ್ಲ! ಮರುದಿನದಿಂದ ಒಂದೇ ರೊಟ್ಟಿ. "ಸಾಕ್ರಿ, ಹೊಟ್ಟಿ ತುಂಬೇತಿ" ಎಂದು ನಗುತ್ತಾ ಏಳುತ್ತಿದ್ದೆ. ಒಳಗೆ ಬೆಂಕಿ ಬಿದ್ದಂತಿತ್ತು. ಗಂಡನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅತ್ತೆ ಮಾತ್ರ ನಂಬಿದರು, ಕರೆದುಕೊಂಡು ಹೊರಟರು.

ಮೆಣಸಗಿಯಲ್ಲಿ ತಂಗಿಗೆ ಸೀರೆ ಉಡಿಸಿದೆ. ಎದುರಿಗೆ ಹೋಳಿಗೆ, ತುಪ್ಪ, ಕರಿಗಡಬು ಬಡಿಸಿಟ್ಟಿದ್ದರು. ವಾಸನೆಗೇ ಜೀವ ಹೋದಂತಾಯಿತು. ಉಡಿ ತುಂಬಲು ಬಗ್ಗಿದವಳು ಕಣ್ಣು ಕತ್ತಲೆ ಬಂದು ಅಕ್ಕಿಯ ತಾಟಿನ ಸಮೇತ ಅವಳ ಕಾಲ ಮೇಲೆಯೇ ಕುಸಿದೆ.

"ಇಕಿಗೂ ವಿಶೇಷ ಐತೇನವಾ?" ಎಂದು ಯಾರೋ ನಕ್ಕರು. ನನಗೆ ಅಳು ಒತ್ತರಿಸಿ ಬಂತು.

"ಏನೂ ಇಲ್ಲ, ಹಸಿವಾಗೇತಿ!" ಎಂದು ಕೂಗಿದೆ. "ಎರಡ ದಿನ ಆತು, ಹೊಟ್ಟಿ ತುಂಬ ಉಂಡಿಲ್ಲ. ಉಂಡ್ರ ಹೊರಗಾಗ್ತಾಳ ಅಂತಾರ, ಕರ್ಕೊಂಡ ಬರೂದಿಲ್ಲ ಅಂತಾರ."

ಬೀಗರೆಲ್ಲ ಅತ್ತೆಯ ಮುಖ ನೋಡಿದರು. ಅತ್ತೆ ನೆಲ ನೋಡಿದರು. ಸುಮಾ ಸುಮ್ಮನಿರುವವಳಲ್ಲ.

"ನನಗ ತಿನ್ನು ತಿನ್ನು ಅಂತ ಎಲ್ಲಾರೂ ಜೀವಾ ತಿಂತೀರಿ. ನಮ್ಮಕ್ಕಗ ಹಸಿವಾದ್ರ ತಪ್ಪೇನು? ಮುಟ್ಟಿನ ಮೊದಲ ಮೈ ಹೆಚ್ಚಿಗಿ ಕೇಳೂದು ಖರೇ ಅಂತ ದವಾಖಾನ್ಯಾಗ ನರ್ಸಬಾಯಿನಾ ಹೇಳ್ಯಾಳ" ಎಂದವಳೇ ತನ್ನ ತಾಟಿನ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ ನನ್ನ ಬಾಯಿಗೆ ಇಟ್ಟಳು. ಬಸುರಿ ಮೊದಲು ತಿನ್ನಬೇಕಾದ ತುತ್ತು ಅದು. ನುಂಗಿಬಿಟ್ಟೆ. ಮೂರನೇ ಹೋಳಿಗೆಗೆ ನಾಚಿಕೆಯೂ ಹೋಯಿತು. ಆಮೇಲೆ ಎದ್ದು ಅವಳ ಉಡಿ ತುಂಬಿದೆ.

ಮರಳಿ ಬರುವಾಗ ಬಸ್ಸಿನಲ್ಲಿ ಅತ್ತೆ ಮೆಲ್ಲಗೆ, "ಅಲ್ಲಾ, ಹಸಿವಾಗಿದ್ರ ಬಾಯಿಬಿಟ್ಟ ಹೇಳಬಾರದೇನು? ನಾ ಏನ ರಾಕ್ಷಸಿ ಏನು?" ಎಂದರು.

"ಹೇಳಿದ್ರ ಕರ್ಕೊಂಡ ಬರ್ತಿದ್ರೇನ್ರಿ?" ಎಂದೆ.

ಅವರು ಕಿಟಕಿಯ ಕಡೆ ತಿರುಗಿದರು.

ಮುಟ್ಟಾದದ್ದು ಯಾವಾಗ ಅಂತೀರಿ? ಕುಬಸ ಮುಗಿದು ಎರಡು ದಿನಕ್ಕೆ! ಸುಮ್ಮನೆ ಹೊಟ್ಟೆ ಕಟ್ಟಿ ಸತ್ತೆ. ಅತ್ತೆಯ ಮೇಲಿನ ಸಿಟ್ಟು ಈಗ ಇಳಿದಿದೆ. ನನ್ನ ಮೇಲಿನದೇ ಇಳಿದಿಲ್ಲ. ಹಸಿವಾಗಿದೆ ಎಂಬ ಒಂದು ಮಾತು ಹೇಳಲು ನಾನು ತಲೆತಿರುಗಿ ಬೀಳಬೇಕಾಯಿತು.