ಮಸ್ಕಿ ಮೋಡದ ಸುದ್ದಿ

ಬೆಸುಗೆಯ ರಾಳ ಸುಡುವ ವಾಸನೆ ಮೂಗಿಗೆ ಬಡಿದಾಗ ನನಗೆ ಮೊದಲು ನೆನಪಾಗುವುದು ತುರ್ವಿಹಾಳದ ಮನೆಯ ಪಡಸಾಲೆ, ಆಮೇಲೆ ದೊಡ್ಡಪ್ಪನ ಹೆಬ್ಬೆರಳಿನ ಮೇಲಿದ್ದ ಸುಟ್ಟ ಕಲೆ, ಅದರ ಹಿಂದೆಯೇ ಕದ್ದು ಸಿಕ್ಕಿಬಿದ್ದವಳ ಭಯ. ಈ ಕ್ರಮವನ್ನು ನಾನು ನಂಬುವುದಿಲ್ಲ. ಭಯವೇ ಮೊದಲು ಬಂದು, ಪಡಸಾಲೆಯನ್ನೂ ಹೆಬ್ಬೆರಳನ್ನೂ ನಾನು ಆಮೇಲೆ ಅದರ ಮುಂದೆ ಜೋಡಿಸಿಟ್ಟಿರಬಹುದು. ಲಿಂಗಸುಗೂರಿನ ನನ್ನ ಮನೆಯಲ್ಲಿ, ನಾನು ಕಲಿಸುವ ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ, ದೊಡ್ಡಪ್ಪನ ಹಳೆಯ ಸಿಬಿ ರೇಡಿಯೋದ ತಗಡಿನ ಮುಚ್ಚಳ ಬಿಚ್ಚಿ ಬೆಸುಗೆ ಹಾಕಲು ಕೂತಾಗಲೂ ಹೀಗೇ ಆಯಿತು. ದೊಡ್ಡಪ್ಪ ತೀರಿಹೋದ ಮೇಲೆ ಮನೆ ಕೆಡವಿದಾಗ ನಾನು ಕೇಳಿ ತಂದದ್ದು ಇದೊಂದನ್ನೇ. ಕೆಡವಿದ ಮನೆಯಿಂದ ನೀವೂ ಏನಾದರೂ ಎತ್ತಿ ತಂದಿದ್ದರೆ, ಅದನ್ನು ಎಲ್ಲಿಟ್ಟರೂ ಅದು ನಮ್ಮ ಕಡೆಗೇ ಮುಖ ಮಾಡಿ ಕೂರುತ್ತದೆಂದು ನಿಮಗೆ ಗೊತ್ತು.

ಊರಲ್ಲಿ ಫೋನು ಅಪರೂಪವಾಗಿದ್ದ ಕಾಲ. ಗುಂಡಿ ಒತ್ತಿದರೆ ಮಾತಾಡಬೇಕು, ಬಿಟ್ಟರೆ ಕೇಳಬೇಕು, ಅಷ್ಟೇ ಆ ಪೆಟ್ಟಿಗೆ. ಅದರ ಜೋಡಿ ಮಸ್ಕಿಯಲ್ಲಿ, ಗುಡ್ಡದ ಬುಡದಲ್ಲಿ ಮನೆಯಿದ್ದ ಖಾಜಾಸಾಬ್ ಹತ್ತಿರ ಇತ್ತು. ಖಾಜಾ ಕಾಕಾ ಬ್ಯಾಟರಿ ರಿಪೇರಿ ಮಾಡುತ್ತಿದ್ದರು. ಇಬ್ಬರೂ ಸೇರಿ ಹೈದರಾಬಾದಿನ ಗುಜರಿಯಲ್ಲಿ ಎರಡು ಸೆಟ್ಟು ಕೊಂಡು ತಂದಿದ್ದರಂತೆ. ಬೇಸಿಗೆ ಬೆಳೆ ಕೊಯ್ದು ಓಣಿಯವರೆಲ್ಲ ರಸ್ತೆಯ ಮೇಲೆ ಭತ್ತ ಒಣಹಾಕುವ ದಿನಗಳಲ್ಲಿ ಅದಕ್ಕೆ ನಿಜವಾದ ಕೆಲಸ. ಅಡ್ಡಮಳೆಯ ಮೋಡ ಹೆಚ್ಚಾಗಿ ಮಸ್ಕಿ ಕಡೆಯಿಂದ ಏಳುತ್ತಿತ್ತು. ಅದು ನಮ್ಮ ತಲೆಯ ಮೇಲೆ ಬರುವ ಮುಂಚೆ ಕಾಕಾನ ದನಿ ದೊಡ್ಡಪ್ಪನ ಹೆಸರು ಹಿಡಿದು ಕೂಗುತ್ತಾ ಬರುತ್ತಿತ್ತು. "ಲೇ ಶರಣ್ಯಾ, ಗುಡ್ಡದ ಮ್ಯಾಲ ಕರ್ರಗಾಗ್ಯಾದ. ತಾಡಪತ್ರಿ ಸಾಲದಿದ್ರ ನಿನ್ನ ಧೋತರ ಬಿಚ್ಚಿ ಮುಚ್ಚು. ಬೋಲ್." ತನ್ನ ಮಾತು ಮುಗಿಯಿತು ಅನ್ನುವುದಕ್ಕೆ ಕಾಕಾ "ಬೋಲ್" ಅನ್ನುತ್ತಿದ್ದರು, ದೊಡ್ಡಪ್ಪ "ಹೇಳಪಾ" ಅನ್ನುತ್ತಿದ್ದ. "ನಿಮ್ಮ ಮೋಡನೂ ನಿಮ್ಮಂಗ, ಬರೇ ಗುಡುಗ್ತಾವ. ಹೇಳಪಾ," ಎಂದು ಕಿಚಾಯಿಸುತ್ತಲೇ ಒಂದು ಕಾಲು ಹೊಸ್ತಿಲಾಚೆ ಇಟ್ಟಿರುತ್ತಿದ್ದ. ಓಣಿಗೆ ಓಣಿಯೇ ಓಡುತ್ತಿತ್ತು.

ಸೆಟ್ಟು ಮಾತಾಡುವುದರಲ್ಲಿ ಗಟ್ಟಿ, ಕೇಳುವುದರಲ್ಲಿ ಮೊದಲಿನಿಂದಲೂ ಮಂದ. ಭಾನುವಾರಕ್ಕೊಮ್ಮೆ ದೊಡ್ಡಪ್ಪ ಮುಚ್ಚಳ ತೆಗೆದು ಏರಿಯಲ್ ತಂತಿಯ ಬೆಸುಗೆ ನೋಡುತ್ತಿದ್ದ. ಆಮೇಲೆ ಮುರಿದ ಬಾಚಣಿಗೆಯ ಹಲ್ಲೊಂದನ್ನು ಉಜ್ಜಿ ಚಪ್ಪಟೆ ಮಾಡಿ, ಅದರಿಂದ, ಬರುವ ದನಿಯನ್ನು ಹಿಡಿಯುವ ತಂತಿಸುರುಳಿಯ, ಅಂದರೆ ಕಾಯಿಲಿನ, ಒಳಗಿದ್ದ ಕಪ್ಪು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಕೊರಕೊರ ಸದ್ದಿನ ನಡುವಿನಿಂದ ಮಸ್ಕಿ ಮೇಲೆದ್ದು ಬರುತ್ತಿತ್ತು. "ಇದಕ್ಕ ಕಬ್ಬಣ ಮುಟ್ಟಿಸಬಾರದವ್ವಿ" ಎಂದು ಅವನು ಹೇಳಿದ್ದು ಈಗ ನನಗೆ ಸ್ಪಷ್ಟವಾಗಿ ಕೇಳುತ್ತದೆ. ಹೇಳಿದ್ದನೋ, ನನ್ನ ತಪ್ಪು ದೊಡ್ಡದಾಗಿ ಕಾಣಲೆಂದು ನಾನೇ ಅವನ ಬಾಯಿಂದ ಹೇಳಿಸುತ್ತಿದ್ದೇನೋ, ತಿಳಿಯದು. ನನಗಾಗ ಒಂಬತ್ತು ವರ್ಷ. ಒಂದು ಮಧ್ಯಾಹ್ನ, ಮನೆಯವರೆಲ್ಲ ಭತ್ತ ಹರವಲು ಹೋಗಿದ್ದಾಗ, ಕಾಕಾನ ದನಿ ಇನ್ನೂ ಜೋರಾಗಿ ಬರುವಂತೆ ಮಾಡಿ ದೊಡ್ಡಪ್ಪನಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು, ದೊಡ್ಡವ್ವನ ಹೊಲಿಗೆ ಯಂತ್ರದ ಉಕ್ಕಿನ ತಿರುಪುಳಿ ಹಾಕಿ ತಿರುಗಿಸಿದೆ. ಕಟ್ ಎಂದಿತು. ಮುಚ್ಚಳ ಮುಚ್ಚಿದೆ.

ಮಳೆ ಬಂದದ್ದು ಎರಡು ದಿನದ ಮೇಲೆ. ಮುಗಿಲು ಕಪ್ಪಾಗುವುದು ಕಂಡು ದೊಡ್ಡವ್ವ ಗಾಬರಿಯಾದರೆ ದೊಡ್ಡಪ್ಪ, "ಖಾಜಾ ಇದ್ದಾನಲ್ಲ, ಹೇಳ್ತಾನ ತಗೋ" ಎಂದ. ಓಣಿಯವರೂ ನಮ್ಮ ಪಡಸಾಲೆಯ ಕಡೆ ನೋಡುತ್ತಾ ನಿಂತರು. ಸೆಟ್ಟು ಬರೇ ಕೊರಕೊರ ಅನ್ನುತ್ತಿತ್ತು. ಮಳೆ ರಸ್ತೆಯ ಮೇಲಿನ ಭತ್ತವನ್ನೆಲ್ಲ ಗಟಾರಕ್ಕೆ ತಳ್ಳಿತು.

ತೊಯ್ದು ಒಳಬಂದ ದೊಡ್ಡಪ್ಪ ಮೈಕ್ ಎತ್ತಿ ಮೂರು ಸಲ ಕಾಕಾನನ್ನು ಕರೆದ. ಮೂರು ಸಲವೂ ಗುಂಡಿ ಬಿಟ್ಟು ಕಾದ. ನಾಲ್ಕನೆಯ ಸಲ ಒತ್ತಿದವನು, ಆ ಕಡೆ ಸೆಟ್ಟೇ ಹಚ್ಚಿಲ್ಲ ಎಂದುಕೊಂಡು, ಬಾಗಿಲಲ್ಲಿದ್ದ ದೊಡ್ಡವ್ವನ ಕಡೆ ತಿರುಗಿದ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

"ಮಸ್ಕಿಯವ್ರಿಗೆ ಕಾಲುವಿ ನೀರಿಲ್ಲ. ನಮ್ಮ ಭತ್ತ ಕಂಡ್ರ ಹೊಟ್ಟಿ ಉರೀತಾದ. ಕಣ್ಣಾರೆ ಮೋಡ ನೋಡಿ ಸುಮ್ಮ ಕುಂತಾನ ನೋಡು, ದೋಸ್ತ ಅಂತ ದೋಸ್ತ."

"ಹೇಳಪಾ" ಅನ್ನಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ನನಗೆ ಎಲ್ಲವೂ ಗೊತ್ತಿತ್ತು. ಈ ಮಾತು ಮಸ್ಕಿಗೆ ಹೋಗುತ್ತಿದೆ, ಮಸ್ಕಿಯ ಮಾತು ಇಲ್ಲಿಗೆ ಬರುತ್ತಿಲ್ಲ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ.

ಅಂದಿನಿಂದ ಖಾಜಾ ಕಾಕಾ ತುರ್ವಿಹಾಳಕ್ಕೆ ಬರಲಿಲ್ಲ. ಒಮ್ಮೆ ಸಿಂಧನೂರಿನ ಬಜಾರಿನಲ್ಲಿ ಎದುರಾದರೂ, ನನ್ನ ಕೈ ಹಿಡಿದಿದ್ದ ದೊಡ್ಡಪ್ಪ ಮುಖ ತಿರುಗಿಸಿ ನಡೆದ. ಸೆಟ್ಟು ಹಳೆಯ ಧೋತರದಲ್ಲಿ ಗಂಟಾಗಿ ಅಟ್ಟ ಸೇರಿತು. ಒಂದೇ ಒಂದು ಭಾನುವಾರ ಅದನ್ನು ಬಿಚ್ಚಿದ್ದರೆ ದೊಡ್ಡಪ್ಪನಿಗೆ ಎಲ್ಲ ತಿಳಿಯುತ್ತಿತ್ತು. ಬಿಚ್ಚದಿರಲೆಂದು ನಾನು ದಿನಾ ವಿಭೂತಿ ಹಚ್ಚಿಕೊಳ್ಳುವಾಗ ಬೇಡಿಕೊಳ್ಳುತ್ತಿದ್ದೆ. ಅವನು ಸಾಯುವವರೆಗೂ ಬಿಚ್ಚಲಿಲ್ಲ.

ಲಿಂಗಸುಗೂರಿನ ಮೇಜಿನ ಮೇಲೆ, ಇಷ್ಟು ವರ್ಷದ ಮೇಲೆ, ಆ ಕಾಯಿಲಿನೊಳಕ್ಕೆ ಬೆಳಕು ಬಿಟ್ಟು ನೋಡಿದೆ. ತಿರುಪು ಎರಡು ಹೋಳಾಗಿ ಸಿಕ್ಕಿಕೊಂಡಿತ್ತು. ಎಲ್ಲವೂ ನನ್ನ ಕಲ್ಪನೆಯಾಗಿರಲಿ ಎಂಬ ಸಣ್ಣ ಆಸೆಯೊಂದು ನನಗೆ ತಿಳಿಯದಂತೆ ಉಳಿದಿತ್ತು, ಅದೂ ಮುಗಿಯಿತು. ಹೋಳುಗಳನ್ನು ತೆಗೆದು, ಬೇರೊಂದು ಸತ್ತ ಸೆಟ್ಟಿನ ತಿರುಪು ಕೂರಿಸಿ, ಬಾಚಣಿಗೆಯ ಹಲ್ಲಿನಿಂದ ಹೊಂದಿಸಿದೆ. ಮರುದಿನ ಮಸ್ಕಿಯ ಬಸ್ಸು ಹತ್ತಿದೆ.

ಖಾಜಾ ಕಾಕಾ ಈಗ ಹೊರಗಿನ ಮಂಚ ಬಿಟ್ಟು ಏಳುವುದಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಮೊದಲು ನಕ್ಕರು.

"ಆತನ ಸೆಟ್ಟು ಕಿವುಡಾಗ್ಯಾದಂತ ನನಗ ಆವತ್ತೇ ಗೊತ್ತಾತವ್ವಾ. ಮೋಡ ಎದ್ದಾಗಿಂದ ಹತ್ತು ಸಲ ಒದರಿದ್ದೆ."

"ಗೊತ್ತಿದ್ದೂ ಯಾಕ ಬಂದು ಹೇಳ್ಲಿಲ್ಲ ಕಾಕಾ?"

ಕಾಕಾ ಗುಡ್ಡದ ಕಡೆ ತಿರುಗಿದರು. "ಹೊಟ್ಟಿ ಉರೀತಾದ ಅಂದನಲ್ಲ, ಯಾರೂ ಕೇಳಂಗಿಲ್ಲಂತ ತಿಳ್ಕೊಂಡು ಆಡಿದ ಮಾತವ್ವಾ ಅದು. ಅಂಥಾ ಮಾತು ಖರೇ ಇರ್ತಾದ."

ಚಹಾ ತಂದ ಅವರ ಹೆಂಡತಿ, ಆ ಬೇಸಿಗೆ ಮುಗಿಯುವವರೆಗೂ ಮೋಡ ಕಂಡಾಗಲೆಲ್ಲ ಇವರು ಆ ಡಬ್ಬಿಯ ಮುಂದೆ ಕೂತು ಒದರುತ್ತಿದ್ದರು ಎಂದರು. ನಾನು ಕಾಕಾನ ಮುಖ ನೋಡಿದೆ. ಅವರು ಬಸಿಯ ಚಹಾ ಊದುತ್ತಾ, "ಭತ್ತ ಏನ್ ಮಾಡಿತ್ತವ್ವಾ" ಎಂದರು.

ಸೆಟ್ಟು ಈಗ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಪಕ್ಕದ ಮನೆಯ ಮೋಟಾರೂ ಅದರಲ್ಲಿ ಕೇಳುತ್ತದೆ. ಮಸ್ಕಿ ಕಡೆ ಎಲ್ಲೋ ಸಿಡಿಲು ಹೊಡೆದರೆ, ಮೋಡ ಕಾಣುವ ಮೊದಲೇ ಚಟಚಟ ಅನ್ನುತ್ತದೆ. ನಾನು ಎದ್ದು ನಿಲ್ಲುತ್ತೇನೆ. ಮುಚ್ಚಲು ನನ್ನ ಹತ್ತಿರ ಭತ್ತವಿಲ್ಲ.